ಸೋರಿಕೆ: ಇಲ್ಲ

ಕೈಗೆ ಮಸಿ ಹತ್ತಿಸಿಕೊಂಡು ದುಡಿಯುವವರೆಲ್ಲ ಕಳ್ಳರು ಎಂಬುದು ಟಿಕ್ಕಪ್ಪನವರ ಗಟ್ಟಿ ನಂಬಿಕೆಯಾಗಿತ್ತು. (ಕೈಗೆ ಮಸಿ ಹತ್ತದಂತೆ ದುಡಿಯುವವರಲ್ಲಿ ಇದು ಬಹಳ ಸಾಮಾನ್ಯವಾದ ನಂಬಿಕೆ. ತಮ್ಮ ಅಂಗಿ ಬೆಳ್ಳಗಿರುವುದು ಯಾರ ಕೈ ಕಪ್ಪಾಗಿರುವುದರಿಂದ ಎಂದು ಅವರು ಯೋಚಿಸುವುದಿಲ್ಲ. ಯೋಚಿಸಿದರೆ ಅಂಗಿಗೆ ಸುಕ್ಕು ಬೀಳುತ್ತದೆ.)

ಟಿಕ್ಕಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಸ್ ಡಿಪೋದ ಡ್ರೈವರುಗಳು ಬೆನ್ನ ಹಿಂದೆ ದಯಪಾಲಿಸಿದ ಬಿರುದು. ಅವರು ಅಲ್ಲಿ ವಾಹನ ತನಿಖೆದಾರರು. ಬೆಳಗಾಗೆದ್ದು ಡಿಪೋದ ಗೇಟಿನ ಪಕ್ಕದ ಗೂಡಿನಲ್ಲಿ ಕೂತು, ಹೊರಡುವ ಒಂದೊಂದು ಬಸ್ಸಿಗೂ ಒಂದೊಂದು ಹಾಳೆ ತುಂಬಿಸುವುದು ಅವರ ಉದ್ಯೋಗ. ಹಾಳೆಯಲ್ಲಿ ಹದಿನೆಂಟು ಸಾಲು. ಬ್ರೇಕು: ಸರಿ. ದೀಪ: ಸರಿ. ಟೈರು: ಸರಿ. ಹೀಗೇ ಇಳಿಯುತ್ತ ಹೋದರೆ ಹನ್ನೊಂದನೆಯ ಸಾಲು, ಇಂಧನ ಸೋರಿಕೆ: ಇಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವರ ಪೆನ್ನು ಆ ಹದಿನೆಂಟು ಸಾಲುಗಳ ಮೇಲೆ, ಇಳಿಜಾರಿನಲ್ಲಿ ಬಿಟ್ಟ ಸೈಕಲಿನಂತೆ, ಎಲ್ಲೂ ಕಾಲೂರದೆ ಟಿಕ್ ಟಿಕ್ ಎಂದು ಇಳಿದುಹೋಗುತ್ತಿತ್ತು. ಬಸ್ಸು ಗೂಡಿನ ಮುಂದೆ ಬಂದು ನಿಲ್ಲುವ ಮೊದಲೇ ಅದರ ಆರೋಗ್ಯಪತ್ರ ಸಿದ್ಧವಾಗಿರುತ್ತಿತ್ತು. ತನಿಖೆಗಾಗಿ ಅವರು ಕುರ್ಚಿ ಬಿಟ್ಟು ಎದ್ದದ್ದನ್ನು ಕಂಡವರು ಡಿಪೋದಲ್ಲಿ ಒಬ್ಬರೂ ಇರಲಿಲ್ಲ.

ಅವರ ಹೆಂಡತಿಯದು ಬೇರೆಯೇ ದಾರಿ. ಆಕೆ ಸ್ವತಃ ವ್ಯಾನ್ ಓಡಿಸುತ್ತಿದ್ದಳು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಹನ್ನೊಂದು ಹೆಂಗಸರನ್ನು ಅವರವರ ಮನೆ ಬಾಗಿಲಿಂದ ಹತ್ತಿಸಿಕೊಂಡು, ಬೆಳಗ್ಗೆ ಏಳಕ್ಕೆ ಸರಿಯಾಗಿ ಆಸ್ಪತ್ರೆಯ ಹಿಂಬಾಗಿಲಿಗೆ ಮುಟ್ಟಿಸುವುದು ಆಕೆಯ ಜವಾಬ್ದಾರಿ. ಅವರೆಲ್ಲರ ಬಾಯಲ್ಲಿ ಆಕೆ ಡ್ರೈವರಕ್ಕ. ಆಸ್ಪತ್ರೆಯ ಗುತ್ತಿಗೆ ಸಿಕ್ಕ ದಿನ ಆಕೆ ವ್ಯಾನನ್ನು ಒಂದು ಸುತ್ತು ಸುಮ್ಮನೆ ಓಡಿಸಿಕೊಂಡು ಬಂದಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಗಂಡ ಕೇಳಿದ್ದಕ್ಕೆ, "ಎಲ್ಲಿಗೂ ಇಲ್ಲ, ನನ್ನ ಗಾಡಿ, ಹೋಗಿದ್ದೆ" ಎಂದಿದ್ದಳು.

ಆದರೆ ಗಾಡಿಗೆ ವಯಸ್ಸಾಗಿತ್ತು. ಹೋದ ತಿಂಗಳು ನಡುದಾರಿಯಲ್ಲಿ ಎರಡು ಸಲ ಎಂಜಿನ್ ಕೈಕೊಟ್ಟು, ಎರಡು ಸಲವೂ ಹನ್ನೊಂದು ಮಂದಿ ತಡವಾಗಿ ಹೋಗಿ, ಎರಡು ಸಲವೂ ಅರ್ಧ ದಿನದ ಗೈರುಹಾಜರಿ ಬಿದ್ದಿತ್ತು. ಆಸ್ಪತ್ರೆಯ ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡಿ ಹೇಳಿಯೂ ಬಿಟ್ಟಿದ್ದರು: "ವಾಹನದ ದೋಷದಿಂದ ಇನ್ನೊಂದು ಸಲ ತಡ ಆದ್ರೆ, ಮೂರನೇದು. ಆಮೇಲೆ ನಾವು ಬೇರೆ ವ್ಯಾನ್ ನೋಡ್ಕೋಬೇಕಾಗುತ್ತೆ."

ಹಾಗಾಗಿ ಡ್ರೈವರಕ್ಕ ಎಂಜಿನ್ನನ್ನು ರಿಪೇರಿಗೆ ಕೊಟ್ಟಳು. ಶನಿವಾರ ಸಂಜೆ ಮೆಕ್ಯಾನಿಕ್ ತಾನೇ ವ್ಯಾನ್ ಓಡಿಸಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದ.

"ಎಂಜಿನ್ ಈಗ ಗಟ್ಟಿಯಾಗಿದೆ ಅಕ್ಕ," ಅಂದ. "ಆದ್ರೆ ಪೆಟ್ರೋಲ್ ಪೈಪಿನ ಕನೆಕ್ಟರ್ ನಾಲ್ಕೂ ಸವೆದುಹೋಗಿದಾವೆ. ಒಳಗಿನ ರಬ್ಬರ್ ಉಂಗುರ ಒಣಗಿ ಕಲ್ಲಾಗಿದೆ. ಸೋರೋಕೆ ಶುರುವಾಗಿದೆ. ಹೊಸದು ತಂದಿದ್ದೀನಿ. ಅರ್ಧ ಗಂಟೆ ಕೆಲಸ, ಇಲ್ಲೇ ಹಾಕಿಬಿಡ್ತೀನಿ."

ಟಿಕ್ಕಪ್ಪನವರು ಬಾಗಿಲಲ್ಲಿ ಕಾಣಿಸಿಕೊಂಡರು.

"ಅರ್ಧ ಗಂಟೆ ಕೆಲಸಕ್ಕೆ ನೀನ್ಯಾಕಪ್ಪ? ಪೊಟ್ಟಣ ಇಲ್ಲಿ ಕೊಡು. ನಾಳೆ ಭಾನುವಾರ, ನಾನೇ ಹಾಕ್ತೀನಿ."

"ನೀವಾ ಸಾರ್?"

"ಇಪ್ಪತ್ತೆರಡು ವರ್ಷದಿಂದ ಇಂಧನ ಸೋರಿಕೆ ನೋಡ್ತಿರೋನು ನಾನು. ಒಂದು ದಿನಕ್ಕೆ ಎಪ್ಪತ್ತು ಬಸ್ಸು. ಲೆಕ್ಕ ಹಾಕ್ಕೋ."

ಮೆಕ್ಯಾನಿಕ್ ಲೆಕ್ಕ ಹಾಕಲಿಲ್ಲ. ಡ್ರೈವರಕ್ಕನ ಮುಖ ನೋಡಿದ. ಆಕೆ ನಿಟ್ಟುಸಿರು ಬಿಟ್ಟು, "ಮಾಡ್ಲಿ ಬಿಡಪ್ಪ. ಸೀಟಿನ ಕೆಳಗೆ ಏನಿರುತ್ತೆ ಅಂತ ಒಂದ್ಸಲನಾದ್ರೂ ನೋಡ್ಲಿ" ಅಂದಳು.

ಅವನು ಪೊಟ್ಟಣ ಕೊಡುತ್ತ ಎರಡು ಮಾತು ಹೇಳಿದ. "ಹಳೇದನ್ನ ಬಿಚ್ಚಿದ ತಕ್ಷಣ ಎಸೆದುಬಿಡಿ ಸಾರ್. ಸವೆಯೋದು ಒಳಗಡೆ, ಹೊರಗಿಂದ ಎರಡೂ ಒಂದೇ ಥರ ಕಾಣ್ತವೆ. ಮತ್ತೆ, ಹಾಕಿದ್ಮೇಲೆ ಎಂಜಿನ್ ಶುರು ಮಾಡಿ, ಪ್ರತಿ ಜೋಡಣೆ ಕೆಳಗೂ ಒಣ ಕಾಗದ ಇಟ್ಟು ನೋಡಿ. ಒದ್ದೆ ಆದ್ರೆ ಗಾಡಿ ತೆಗೀಬೇಡಿ."

"ನನಗೇ ಪಾಠ ಹೇಳ್ತಾನೆ," ಎಂದು ಅವನು ಹೋದ ಮೇಲೆ ಟಿಕ್ಕಪ್ಪನವರು ಗೋಡೆಗೆ ಹೇಳಿದರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಮಹಾಕಾರ್ಯ ಆರಂಭವಾಯಿತು. ಮೊದಲ ಒಂದು ಗಂಟೆ ಅವರು ವ್ಯಾನಿನ ಹತ್ತಿರವೂ ಸುಳಿಯಲಿಲ್ಲ. ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿ, ಸ್ಕೇಲು ಹಿಡಿದು ಗೆರೆ ಎಳೆದರು. ಮೇಲೆ "ಇಂಧನ ವ್ಯವಸ್ಥೆಯ ತಪಾಸಣಾ ಪತ್ರ" ಎಂದು ದುಂಡಗೆ ಬರೆದರು. ಎಂಟು ಸಾಲು ಮಾಡಿದರು. ಆಮೇಲೆ ಕೈ ತನ್ನಷ್ಟಕ್ಕೆ ಕೆಳಗಿಳಿಯಿತು: ಟಿಕ್, ಟಿಕ್, ಟಿಕ್.

ಡ್ರೈವರಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದೇನ್ರೀ? ಇನ್ನೂ ಸೀಟೇ ಎತ್ತಿಲ್ಲ, ಆಗ್ಲೇ ಸೋರಿಕೆ ಇಲ್ಲ ಅಂತ ಬರ್ದಿದ್ದೀರಾ?"

"ಕೊನೆಗೆ ಇಲ್ಲ ಅಂತ್ಲೇ ತಾನೆ ಬರೀಬೇಕು? ಈಗ್ಲೇ ಬರೆದ್ರೆ ಏನಾಯ್ತು?"

(ಜಗತ್ತಿನ ಎಷ್ಟೋ ಸೇತುವೆಗಳು, ಎಷ್ಟೋ ಲಿಫ್ಟುಗಳು, ಎಷ್ಟೋ ಮೂರಂತಸ್ತಿನ ಕಟ್ಟಡಗಳು ಇದೇ ಒಂದು ವಾದದ ಮೇಲೆ ನಿಂತಿವೆ. ಬೀಳುವವರೆಗೆ ಚೆನ್ನಾಗಿಯೇ ನಿಂತಿರುತ್ತವೆ. ಬಿದ್ದ ಮೇಲೆ ಹಾಳೆ ತೆಗೆದು ನೋಡಿದರೆ ಅದರಲ್ಲಿ ಎಲ್ಲವೂ ಸರಿಯಾಗಿರುತ್ತದೆ.)

"ಬ್ಯಾಟರಿ ತಂತಿ ಬಿಚ್ಚಿದ್ರಾ?" ಆಕೆ ಕೇಳಿದಳು.

"ಅದನ್ನೇ ಬಿಚ್ಚೋಕೆ ಹೊರಟಿದ್ದೆ," ಎಂದು ಅವರು ಹೇಳಿದರು. ಅವರು ಹೊರಟಿದ್ದದ್ದು ಚಹಾ ಕೇಳಲು.

ಚಹಾ ಸಿಗಲಿಲ್ಲ. ಹೊಸಿಲ ಹತ್ತಿರ ಬೆತ್ತದ ಮೋಡಾ ಹಾಕಿಕೊಂಡು ಕೂತಿದ್ದ ಅತ್ತೆ, ಅಂದರೆ ಡ್ರೈವರಕ್ಕನ ತಾಯಿ, ಅಂದು ಒಲೆ ಹಚ್ಚುವುದಿಲ್ಲವೆಂದು ಘೋಷಿಸಿದ್ದರು. ಆ ಮುದುಕಮ್ಮನಿಗೆ ಕಿವಿ ಮಂದ, ಕಣ್ಣು ಮಂಜು. ಅವೆರಡರ ಶಕ್ತಿಯೂ ಮೂಗಿಗೆ ಬಂದು ಸೇರಿಕೊಂಡಿತ್ತು.

"ಅಳಿಯಂದಿರೇ, ಅಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ. ನೀವು ಅದನ್ನ ನಿಲ್ಲಿಸೋವರೆಗೂ ಈ ಮನೇಲಿ ಬೆಂಕಿಕಡ್ಡಿ ಗೀರಲ್ಲ ನಾನು."

"ಇನ್ನು ಅರ್ಧ ಗಂಟೇಲಿ ನಿಲ್ಲುತ್ತೆ ಅತ್ತೆ."

"ಏನು? ಮಧ್ಯಾಹ್ನ ನಿಲ್ಲುತ್ತಾ?"

ಅವರ ಮಂದ ಕಿವಿಗೆ ಕೇಳಿದ್ದೇ ಸತ್ಯಕ್ಕೆ ಹತ್ತಿರವಾಗಿತ್ತು. ವ್ಯಾನಿನ ಮುಂದಿನ ಸೀಟು ಎತ್ತಿ, ಎಂಜಿನ್ನಿನ ಮೇಲೆ ಬಗ್ಗಿದ ಟಿಕ್ಕಪ್ಪನವರಿಗೆ ಮೊದಲ ಬಾರಿಗೆ ಒಂದು ಸಂಗತಿ ಅರಿವಾಯಿತು: ಹಾಳೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಇರುತ್ತವೆ, ಎಂಜಿನ್ನಿನೊಳಗೆ ಹಾಗಿರುವುದಿಲ್ಲ. ಮೊದಲನೆಯ ಕ್ಲಿಪ್ಪು ಕೈಗೆ ಎಟುಕಿದರೆ ಕಣ್ಣಿಗೆ ಕಾಣದು. ಎರಡನೆಯದು ಕಣ್ಣಿಗೆ ಕಂಡರೆ ಕೈಗೆ ಎಟುಕದು. ಮೂರನೆಯದನ್ನು ಬಿಚ್ಚುವಾಗ ಪೈಪಿನಲ್ಲಿ ಉಳಿದಿದ್ದ ಪೆಟ್ರೋಲು ಮೊಣಕೈವರೆಗೆ ತಣ್ಣಗೆ ಇಳಿದು, ಬನಿಯನ್ನಿನೊಳಗೆ ಸೇರಿ, ಕಚಗುಳಿ ಇಟ್ಟಿತು. ಆದರೂ ಅವರನ್ನು ಮೆಚ್ಚಬೇಕು. ಹನ್ನೆರಡೂವರೆಯ ಹೊತ್ತಿಗೆ ನಾಲ್ಕು ಹಳೆಯ ಕನೆಕ್ಟರುಗಳನ್ನೂ ಹಲ್ಲು ಕಿತ್ತಂತೆ ಕಿತ್ತು ತಂದು ಬಚ್ಚಲಿನ ಕಟ್ಟೆಯ ಮೇಲಿಟ್ಟರು.

ಅಲ್ಲೇ ನೋಡಿ, ಎಡವಟ್ಟಾದದ್ದು.

ಟಿಕ್ಕಪ್ಪನವರಿಗೆ ಒಂದು ಚಾಳಿ ಇತ್ತು. ಎಸೆಯುವ ಯಾವ ವಸ್ತುವನ್ನೂ ತೊಳೆಯದೆ ಎಸೆಯುತ್ತಿರಲಿಲ್ಲ. ಖಾಲಿ ಡಬ್ಬಿ, ಒಡೆದ ಲೋಟ, ತಳ ಸವೆದ ಚಪ್ಪಲಿ, ಎಲ್ಲಕ್ಕೂ ಅಂತಿಮ ಸ್ನಾನ ಆಗಲೇಬೇಕು. ಒಮ್ಮೆ ಕಡ್ಡಿ ಮುರಿದ ಛತ್ರಿಯನ್ನು ತೊಳೆದು, ಎರಡು ದಿನ ಹಗ್ಗದ ಮೇಲೆ ಒಣಗಿಸಿ, ಮಡಚಿ, ಆಮೇಲೆ ಕಸದ ಬುಟ್ಟಿಗೆ ಹಾಕಿದ್ದರು. ಜಿಡ್ಡು ಮೆತ್ತಿಕೊಂಡ ಈ ನಾಲ್ಕು ಕನೆಕ್ಟರುಗಳನ್ನು ಹಾಗೆಯೇ ಎಸೆಯಲು ಅವರ ಮನಸ್ಸು ಒಪ್ಪಲಿಲ್ಲ. ಸೋಪಿನ ಪುಡಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಮೂಲೆ ತಿಕ್ಕಿ, ಮೂರು ನೀರಿನಲ್ಲಿ ಜಾಲಿಸಿ, ಟವೆಲ್ಲಿನ ಮೇಲೆ ಒಣಗಿಟ್ಟರು.

"ಕಸಕ್ಕೆ ಸ್ನಾನ ಮಾಡಿಸೋರನ್ನ ನೋಡೋಕೆ ಇಷ್ಟು ವಯಸ್ಸಾಗ್ಬೇಕಾಯ್ತು," ಎಂದು ಅತ್ತೆ ಮೋಡಾದ ಮೇಲಿಂದಲೇ ಹೇಳಿದರು.

ನಂತರ ಹೊಸದರ ಪೊಟ್ಟಣ ಬಿಚ್ಚಿದರು. ಎಷ್ಟು ದಿನ ಅಂಗಡಿಯ ಕಪಾಟಿನಲ್ಲಿದ್ದವೋ, ಮೈಮೇಲೆ ಬೂದುಬಣ್ಣದ ಧೂಳು ಕೂತಿತ್ತು. ಅವನ್ನೂ ಅದೇ ಟವೆಲ್ಲಿನ ಮೇಲೆ ಇಟ್ಟರು. ಕಚೇರಿಯ ಶಿಸ್ತಿನ ಮನುಷ್ಯ, ಸುಮ್ಮನೆ ಇಡಲಾದೀತೇ? ನೇರವಾದವು ಒಂದು ಸಾಲು, ಮೊಣಕೈಯಂತೆ ಬಾಗಿದವು ಇನ್ನೊಂದು ಸಾಲು. ಸಾಲಿಗೆ ನಾಲ್ಕು. ಒಟ್ಟು ಎಂಟು. ಪರೇಡಿಗೆ ನಿಂತ ಸಿಪಾಯಿಗಳಂತೆ ಕಂಡವು. ಅವರು ಒಂದೆರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟರು. ಖುಷಿಯಲ್ಲೇ ಕೈ ತೊಳೆದು, ಹಿಂದಿನ ರಾತ್ರಿಯ ತಣ್ಣನೆಯ ಅನ್ನ ತಿಂದು, ಐದು ನಿಮಿಷ ಎಂದು ಅಡ್ಡಾಗಿ, ಎರಡೂವರೆಗೆ ಎದ್ದು ಬಂದರು.

ಸಿಪಾಯಿಗಳು ಹಾಗೆಯೇ ನಿಂತಿದ್ದರು. ಯಾರು ಯಾವ ಪಕ್ಷದವರು ಎಂಬುದು ಮಾತ್ರ ಮರೆತುಹೋಗಿತ್ತು.

ಹೆಂಡತಿಯನ್ನು ಕೇಳಬಹುದಿತ್ತು, ಕೇಳಿದರೆ ಮರ್ಯಾದೆಯ ಪ್ರಶ್ನೆ. ಮೆಕ್ಯಾನಿಕ್‌ಗೆ ಫೋನ್ ಮಾಡಬಹುದಿತ್ತು. ಅದು ಇನ್ನೂ ದೊಡ್ಡ ಪ್ರಶ್ನೆ. ಟಿಕ್ಕಪ್ಪನವರು ಗಲ್ಲಕ್ಕೆ ಕೈ ಹಚ್ಚಿ, ಶುದ್ಧ ತರ್ಕದ ಮೊರೆ ಹೊಕ್ಕರು. ಹೊಸ ವಸ್ತು ಫಳಫಳ ಹೊಳೆಯುತ್ತದೆ. ಹಳೆಯ ವಸ್ತು ಮಂಕಾಗಿರುತ್ತದೆ. ಎಂಟರಲ್ಲಿ ನಾಲ್ಕು ಫಳಫಳ ಹೊಳೆಯುತ್ತಿದ್ದವು. ಸಂದೇಹಕ್ಕೆ ಎಡೆಯೆಲ್ಲಿ? ಹೊಳೆಯುವ ನಾಲ್ಕನ್ನು ಆರಿಸಿ, ಬೆವರು ಸುರಿಸಿ, ಒಂದೊಂದೇ ವ್ಯಾನಿಗೆ ಹಾಕಿ ಕ್ಲಿಪ್ಪು ಬಿಗಿದರು. ಮಂಕಾದ ನಾಲ್ಕನ್ನು (ಇವುಗಳನ್ನು ಎಷ್ಟು ತಿಕ್ಕಿದರೂ ಹೋಗಲಿಲ್ಲವಲ್ಲ ಎಂದು ಕೊಂಚ ಬೇಸರದಿಂದಲೇ) ಕಸದ ಬುಟ್ಟಿಗೆ ಹಾಕಿದರು. ನಾಲ್ಕು ಗಂಟೆಗೆ ಕಸದ ಗಾಡಿ ಬಂತು. ಅದು ಅಷ್ಟು ಸರಿಯಾದ ಸಮಯಕ್ಕೆ ಬಂದದ್ದು ಆ ವರ್ಷದಲ್ಲಿ ಅದೇ ಮೊದಲು.

"ಆಯ್ತು!" ಎಂದು ಟಿಕ್ಕಪ್ಪನವರು ಒಳಗೆ ಬಂದು ಹಾಳೆಯನ್ನು ಹೆಂಡತಿಯ ಕೈಗಿತ್ತರು. "ತಗೋ. ಎಂಟಕ್ಕೆ ಎಂಟೂ ಸರಿ."

"ಇದು ಬೆಳಗ್ಗೆ ಬರೆದದ್ದಲ್ವಾ? ಎಂಜಿನ್ ಶುರು ಮಾಡಿ ನೋಡಿದ್ರಾ?"

"ನೋಡೋದೇನಿದೆ? ನಾನೇ ಹಾಕಿದ್ದೀನಲ್ಲ."

ಆಕೆ ಹಾಳೆಯನ್ನು ಮೇಜಿನ ಮೇಲಿಟ್ಟಳು. ಹಳೆಯ ಪತ್ರಿಕೆಯೊಂದನ್ನು ನಾಲ್ಕು ತುಂಡು ಮಾಡಿ ಒಯ್ದು, ನಾಲ್ಕು ಜೋಡಣೆಗಳ ಕೆಳಗೂ ಒಂದೊಂದು ಸಿಕ್ಕಿಸಿ, ಬ್ಯಾಟರಿ ತಂತಿ ಕೂಡಿಸಿ, ಎಂಜಿನ್ ಶುರು ಮಾಡಿದಳು. ಐದು ನಿಮಿಷ ಕಾದು ನಿಲ್ಲಿಸಿದಳು. ಹೊಸಿಲಲ್ಲಿ ಕೂತಿದ್ದ ಅತ್ತೆಗೆ ಮೂರನೇ ನಿಮಿಷಕ್ಕೇ ಫಲಿತಾಂಶ ಗೊತ್ತಾಗಿತ್ತು. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು.

"ನಿಮ್ಮ ಹಾಳೆ ಒಣಗಿದೆ," ಎಂದು ಡ್ರೈವರಕ್ಕ ಕಾಗದದ ತುಂಡುಗಳನ್ನು ಗಂಡನ ಮುಂದೆ ಹಿಡಿದಳು. "ನನ್ನ ಹಾಳೆ ನಾಲ್ಕೂ ಒದ್ದೆ."

ಟಿಕ್ಕಪ್ಪನವರು ಎರಡು ಕ್ಷಣ ಆ ತುಂಡುಗಳನ್ನೇ ನೋಡಿದರು. ಮೂರನೆಯ ಕ್ಷಣ ಅವರಿಗೆ ಎಲ್ಲವೂ ನಿಚ್ಚಳವಾಯಿತು.

"ಕಳ್ಳ! ಹಳೇ ಮಾಲು ಕೊಟ್ಟು ಮೋಸ ಮಾಡಿದ್ದಾನೆ ಕಳ್ಳ! ಫೋನ್ ಕೊಡಿಲ್ಲಿ!"

ಫೋನಿನಲ್ಲಿ ಅವರು ಮೂರು ನಿಮಿಷ ಒಂದೇ ಉಸಿರಿಗೆ ಗುಡುಗಿದರು. ಪ್ರಾಮಾಣಿಕತೆ, ಗ್ರಾಹಕನ ನಂಬಿಕೆ, ಜನರ ಪ್ರಾಣದ ಬೆಲೆ ಮುಂತಾದ ದೊಡ್ಡ ದೊಡ್ಡ ಪದಗಳೆಲ್ಲ ಬಂದುಹೋದವು. ಆ ಕಡೆಯಿಂದ ಮೆಕ್ಯಾನಿಕ್ ಎಲ್ಲವನ್ನೂ ಕೇಳಿಸಿಕೊಂಡು, "ಸಾರ್, ಹಳೇದನ್ನ ಎಸೆದ್ರಾ?" ಎಂದ.

"ಎಸೆದೆ!"

"ಎಸೆಯೋ ಮುಂಚೆ ಏನಾದ್ರೂ ಮಾಡಿದ್ರಾ?"

ಟಿಕ್ಕಪ್ಪನವರ ಕಣ್ಣ ಮುಂದೆ ಸೋಪಿನ ನೊರೆ, ಹಲ್ಲುಜ್ಜುವ ಬ್ರಷ್ಷು, ಟವೆಲ್ಲು, ಫಳಫಳ ಹೊಳೆಯುವ ನಾಲ್ಕು ಸಿಪಾಯಿಗಳು ಸಾಲಾಗಿ ಹಾದುಹೋದವು. ಬೇರೆ ಹೊತ್ತಿನಲ್ಲಿ ಏನೂ ಕೇಳಿಸದ ಅತ್ತೆಗೆ ಫೋನಿನ ಪ್ರಶ್ನೆ ಹೇಗೆ ಕೇಳಿಸಿತೋ!

"ಸ್ನಾನ ಮಾಡಿಸಿದ್ರು ಅಂತ ಹೇಳಮ್ಮ ಅವನಿಗೆ!" ಎಂದು ಮಗಳಿಗೆ ಕೂಗಿ ಹೇಳಿದರು.

ಮೆಕ್ಯಾನಿಕ್ ಎಷ್ಟು ಹೊತ್ತು ನಕ್ಕನೆಂದರೆ, ಟಿಕ್ಕಪ್ಪನವರು ಫೋನನ್ನು ಹೆಂಡತಿಗೆ ದಾಟಿಸಿ ಬಂದು ಕುರ್ಚಿಯಲ್ಲಿ ಕೂತ ಮೇಲೂ ಅದು ಕೇಳುತ್ತಿತ್ತು. ನಕ್ಕು ಮುಗಿಸಿ ಅವನು ಹೇಳಿದ್ದಿಷ್ಟು: ಬಿಡಿಭಾಗದ ಅಂಗಡಿ ಸೋಮವಾರ ಒಂಬತ್ತಕ್ಕೆ ತೆಗೆಯುತ್ತದೆ, ತಾನೇ ತಂದು ಹಾಕಿಕೊಡುತ್ತೇನೆ. ಒಗೆಯುವ ಹೆಂಗಸರು ಕೆಲಸಕ್ಕೆ ಹಾಜರಾಗಬೇಕಾದದ್ದು ಏಳಕ್ಕೆ.

ಟಿಕ್ಕಪ್ಪನವರು ಗಂಟಲು ಸರಿಮಾಡಿಕೊಂಡರು.

"ಒಂದೊಂದು ಹನಿ ತಾನೆ? ನಾಳೆ ಒಂದಿನ ನಿಧಾನಕ್ಕೆ ಓಡಿಸ್ಕೊಂಡು ಹೋದ್ರಾಯ್ತು. ನಮ್ಮ ಡಿಪೋದಲ್ಲಿ ಇದಕ್ಕಿಂತ ಜೋರಾಗಿ ಸೋರ್ಕೊಂಡು ಓಡಾಡ್ತವೆ ಬಸ್ಸುಗಳು."

"ಸೋರುತ್ತೆ ಅಂತ ನಿಮಗೆ ಹೇಗೆ ಗೊತ್ತು? ನಿಮ್ಮ ಹಾಳೇಲಿ ಇಲ್ಲ ಅಂತಿರುತ್ತಲ್ಲ."

"ಎಲ್ಲರಿಗೂ ಗೊತ್ತಿರೋದೇ ಅದು."

"ಆ ಬಸ್ಸಲ್ಲಿ ಜನ ಕೂತಿರ್ತಾರಲ್ರೀ," ಎಂದಳು ಡ್ರೈವರಕ್ಕ. ದನಿ ಏರಿಸಲಿಲ್ಲ. ಏರಿಸಿದ್ದರೆ ಟಿಕ್ಕಪ್ಪನವರು ಜಗಳವಾಡಿ ಗೆದ್ದುಬಿಡುತ್ತಿದ್ದರು. "ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋ ಗಾಡೀಲಿ ನಾನು ಯಾರನ್ನೂ ಕೂರಿಸಲ್ಲ. ಗುತ್ತಿಗೆ ಹೋದ್ರೂ ಹೋಗ್ಲಿ. ನಾಳೆ ಎಲ್ರನ್ನೂ ಬಸ್ಸಲ್ಲೇ ಕರ್ಕೊಂಡು ಹೋಗ್ತೀನಿ. ಆರೂಕಾಲಿನ ಮೊದಲನೇ ಬಸ್ಸು ಹಿಡಿದ್ರೆ ಹೊತ್ತಿಗೆ ಮುಂಚೆ ಮುಟ್ತೀವಿ. ಹೊತ್ತಿಗೆ ಮುಟ್ಟಿದ್ರೆ ಹೇಗೆ ಬಂದ್ರಿ ಅಂತ ಯಾರೂ ಕೇಳಲ್ಲ."

ಹಾಗೆ ಹೇಳಿ, ಹನ್ನೊಂದು ಮಂದಿಗೂ ಒಂದೊಂದಾಗಿ ಫೋನ್ ಮಾಡಲು ಕೂತಳು. ಪ್ರತಿಯೊಬ್ಬರೂ ಯಾಕೆ ಎಂದು ಕೇಳಿದರು. ಪ್ರತಿಯೊಬ್ಬರಿಗೂ ಆಕೆ ಮೊದಲಿಂದ ಹೇಳಿದಳು. ಹನ್ನೊಂದು ಸಲ ಫೋನಿನಿಂದ ನಗು ಕೇಳಿಬಂತು. ಟಿಕ್ಕಪ್ಪನವರು ಎಣಿಸುತ್ತಿದ್ದರು.

ಸೋಮವಾರ ಅವರು ಎಂದಿನಂತೆ ಐದೂವರೆಗೇ ಗೂಡಿನಲ್ಲಿ ಕೂತರು. ಹಾಳೆಗಳ ಕಟ್ಟು ಎಳೆದುಕೊಂಡರು. ಆರೂಕಾಲಿನ ಬಸ್ಸು ಶೆಡ್ಡಿನಿಂದ ಹೊರಟು ಗೇಟಿನತ್ತ ತೆವಳುತ್ತಿತ್ತು. ಪೆನ್ನು ಇಳಿಯತೊಡಗಿತು: ಬ್ರೇಕು, ದೀಪ, ಟೈರು... ಹನ್ನೊಂದನೆಯ ಸಾಲಿಗೆ ಬಂದು ನಿಂತಿತು. ಕೊಡವಿದರು. ಶಾಯಿ ಇತ್ತು. ಮತ್ತೆ ಇಟ್ಟರು. ಆ ಬಸ್ಸಲ್ಲಿ ಜನ ಕೂತಿರ್ತಾರಲ್ರೀ. ಸಾಮಾನ್ಯ ಜನ ಕೂತಿರುವುದು ಬೇರೆ. ಇಂದು ಅದರಲ್ಲಿ ಕೂರುವವಳು ಅವರ ಹೆಂಡತಿ. (ನಮ್ಮ ಆತ್ಮಸಾಕ್ಷಿ ಎಂಬುದು ಹೀಗೆಯೇ. ಊರವರಿಗಾಗಿ ಅದಕ್ಕೆ ಎಚ್ಚರವಾಗುವುದಿಲ್ಲ, ಮನೆಯವರಿಗಾಗಿ ಧಡಕ್ಕನೆ ಎದ್ದು ಕೂರುತ್ತದೆ. ಇರಲಿ, ಏಳಲಿ. ಹೇಗೆ ಎದ್ದರೂ ಎದ್ದಂತೆಯೇ.)

ಟಿಕ್ಕಪ್ಪನವರು ಕುರ್ಚಿ ಬಿಟ್ಟು ಎದ್ದರು. ಗೇಟಿನ ಕಾವಲುಗಾರ, ಇವರಿಗೆ ಎದೆನೋವು ಬಂದಿರಬೇಕೆಂದು ನೀರು ತರಲು ಓಡಿದ. ಅವರು ಪತ್ರಿಕೆಯ ಹಾಳೆಯೊಂದನ್ನು ಹಿಡಿದು, ಬಸ್ಸಿನ ಹಿಂಭಾಗಕ್ಕೆ ಹೋಗಿ, ಎಂಜಿನ್ ಓಡುತ್ತಿರಲಿ ಎಂದು ಹೇಳಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿಯೇ ನೆಲಕ್ಕೆ ಬೆನ್ನು ಹಚ್ಚಿ ಬಸ್ಸಿನ ಕೆಳಗೆ ಜಾರಿದರು.

ಡ್ರೈವರು ಇಳಿದು ಬಂದು ಬಗ್ಗಿ ನೋಡಿದ.

"ಪೆನ್ನು ಉರುಳಿಹೋಯ್ತಾ ಸಾರ್?"

"ಇಲ್ಲ. ಸೋರಿಕೆ ನೋಡ್ತಿದ್ದೀನಿ."

ಡ್ರೈವರು ಇನ್ನಷ್ಟು ಬಗ್ಗಿ, ದನಿ ತಗ್ಗಿಸಿ ಕೇಳಿದ. "ಯಾಕ್ ಸಾರ್, ಮನೇಲಿ ಏನಾದ್ರೂ ತೊಂದ್ರೇನಾ?"

ಮೊದಲ ನಿಲ್ದಾಣ ಡಿಪೋದ ಗೇಟಿನ ಎದುರಿಗೇ ಇತ್ತು. ಅಲ್ಲಿ ಡ್ರೈವರಕ್ಕ ಮತ್ತು ಹನ್ನೊಂದು ಹೆಂಗಸರು ಬುತ್ತಿಚೀಲ ಹಿಡಿದು ಸಾಲಾಗಿ ನಿಂತಿದ್ದರು. ಬಸ್ಸು ಮೂತಿ ಹೊರಗೆ ಹಾಕಿ ನಿಂತೇ ಇತ್ತು. ಅದರ ಹಿಂಬದಿಯಲ್ಲಿ, ನೆಲಕ್ಕೆ ತಾಗಿದಂತೆ, ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಒಂದು ಕಾಲುಚೀಲ ಕಂದು, ಇನ್ನೊಂದು ಕಪ್ಪು. ಆಸ್ಪತ್ರೆಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವ, ಬಾಯಿ ಜೋರಿನ ಇಸ್ತ್ರಿಯಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

"ಡ್ರೈವರಕ್ಕ, ಆ ಕಾಲು ನಮ್ಮ ಬಾವಂದಲ್ವಾ?"

ಡ್ರೈವರಕ್ಕ ಉತ್ತರಿಸುವ ಮೊದಲೇ ಕಾಲುಗಳ ಹಿಂದೆಯೇ ಮಿಕ್ಕ ದೇಹವೂ ಹೊರಬಂತು. ಕೈಯಲ್ಲಿ ಒದ್ದೆ ಕಾಗದ. ಮುಖದಲ್ಲಿ ಹೊಸ ಗ್ರಹವನ್ನು ಕಂಡುಹಿಡಿದವನ ಕಾಂತಿ.

"ಸೋರ್ತಿದೆ!" ಎಂದು ಕೂಗಿದರು.

"ಹೌದು ಸಾರ್," ಅಂದ ಡ್ರೈವರು. "ಮೂರು ತಿಂಗಳಾಯ್ತು. ಪೈಪಿನ ಜೋಡಣೆ ಸವೆದಿದೆ."

"ಮೂರು ತಿಂಗಳಾ? ಹೇಳೋಕೇನಾಗಿತ್ತು ನಿನಗೆ?"

"ಶೆಡ್ಡಿಗೆ ಎರಡು ಸಲ ಬರ್ಕೊಟ್ಟೆ ಸಾರ್. ಸೋರಿಕೆ ಇಲ್ಲ ಅಂತ ತನಿಖೆ ಹಾಳೇಲಿ ದಿನಾ ಬರ್ತಿದೆ, ನಿನ್ನ ಕಣ್ಣು ತೋರಿಸ್ಕೋ ಹೋಗು ಅಂದ್ರು." ಅವನು ಮೂಗಿನ ಮೇಲಿನ ಕನ್ನಡಕ ಮುಟ್ಟಿಕೊಂಡ. "ತೋರಿಸ್ಕೊಂಡೆ. ಇದನ್ನ ಕೊಟ್ರು. ಹಾಕ್ಕೊಂಡ್ಮೇಲೆ ಸೋರೋದು ಇನ್ನೂ ಚೆನ್ನಾಗಿ ಕಾಣ್ಸುತ್ತೆ ಸಾರ್."

ಟಿಕ್ಕಪ್ಪನವರು ಆ ಕನ್ನಡಕವನ್ನೇ ನೋಡಿದರು. ಅದರ ಎರಡೂ ಗಾಜಿನಲ್ಲಿ ಒಬ್ಬೊಬ್ಬ ಟಿಕ್ಕಪ್ಪ ಒದ್ದೆ ಕಾಗದ ಹಿಡಿದು ನಿಂತಿದ್ದ. ಅವರು ಗೂಡಿಗೆ ಹೋಗಿ, ಹನ್ನೊಂದನೆಯ ಸಾಲಿನಲ್ಲಿ, ಇಪ್ಪತ್ತೆರಡು ವರ್ಷಗಳಲ್ಲಿ ಬರೆಯದಿದ್ದ ಒಂದು ಪದ ಬರೆದರು: ಇದೆ. ಅಭ್ಯಾಸವಿಲ್ಲದ ಕೈ, ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಕಾವಲುಗಾರ ಸುದ್ದಿ ಮುಟ್ಟಿಸಿದ ಮೇಲೆ, ಅರ್ಧ ಗಡ್ಡ ಬೋಳಿಸಿಕೊಂಡ ಮುಖದಲ್ಲಿ ಡಿಪೋ ಮ್ಯಾನೇಜರ್ ಓಡಿಬಂದರು.

"ಇದೆ ಅಂತ ಬರ್ದುಬಿಟ್ರಾ? ಶಾಯೀಲಿ?"

"ಶಾಯೀಲಿ ಸಾರ್."

"ಬರೆಯೋ ಮುಂಚೆ ಒಂದು ಮಾತು ಕೇಳ್ಬಾರದಾ? ಬರೆದ್ಮೇಲೆ ಬಿಡೋ ಹಾಗಿಲ್ವಲ್ರೀ ಇದನ್ನ!"

ಅಷ್ಟರಲ್ಲಿ ಹೆಂಗಸರ ದಂಡು ರಸ್ತೆ ದಾಟಿ ಗೇಟಿಗೆ ಬಂದಾಗಿತ್ತು. ಇಸ್ತ್ರಿಯಕ್ಕನೇ ಮುಂದಾಳು.

"ಬಾವ, ಕೈಮುಗೀತೀನಿ. ಇವತ್ತೊಂದಿನ ಟಿಕ್ ಹಾಕಿ ಕಳಿಸ್ಬಿಡಿ. ನಾಳೆಯಿಂದ ಬೇಕಾದಷ್ಟು ಪ್ರಾಮಾಣಿಕರಾಗಿ. ಆ ಕಡೆಗೆ ಮುಂದಿನ ಬಸ್ಸು ಏಳೂಕಾಲಿಗೆ ಇರೋದು. ತಡ ಆದ್ರೆ ಅಕ್ಕನ ಗುತ್ತಿಗೆ ಹೋಗುತ್ತೆ."

ಟಿಕ್ಕಪ್ಪನವರು ಹೆಂಡತಿಯ ಮುಖ ನೋಡಿದರು. ಆಕೆ ಬಿಡಿ ಎಂದರೆ ಬಿಟ್ಟುಬಿಡುವುದೆಂದು, ಸತ್ಯವಾಗಿ ಹೇಳಬೇಕೆಂದರೆ, ಅವರು ಆಗಲೇ ತೀರ್ಮಾನಿಸಿಯಾಗಿತ್ತು. ಆಕೆಯ ಗಾಡಿ, ಆಕೆಯ ಗುತ್ತಿಗೆ, ಎಲ್ಲವೂ ಒಂದು ಟಿಕ್ಕಿನ ತುದಿಯಲ್ಲಿ ನೇತಾಡುತ್ತಿತ್ತು. ಆಕೆಗೂ ಅದು ಗೊತ್ತಿತ್ತು. ಬಸ್ಸನ್ನು ನೋಡಿದಳು, ಆರೂ ನಲವತ್ತು ತೋರಿಸುತ್ತಿದ್ದ ಗಡಿಯಾರ ನೋಡಿದಳು, ಮತ್ತೆ ಬಸ್ಸನ್ನು ನೋಡಿದಳು.

"ಎಲ್ಲಿ, ಆ ಕಾಗದ ಕೊಡಿ," ಅಂದಳು.

ಕೊಟ್ಟರು. ಕಾಗದ ಅಂಚಿನಿಂದ ಅಂಚಿಗೆ ಒದ್ದೆಯಾಗಿತ್ತು. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಾಪಸು ಅವರ ಕೈಗೇ ಇಟ್ಟಳು.

"ನಡೀರಿ ಎಲ್ರೂ. ಬೇಗ ಬೇಗ ಹೆಜ್ಜೆ ಹಾಕಿದ್ರೆ ಕಾಲು ಗಂಟೆ ತಡ ಆಗ್ಬಹುದು, ಅಷ್ಟೆ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ನೀವೂ ಬನ್ನಿ. ಕಾರಣ ಏನು ಅಂತ ಕೇಳಿದ್ರೆ ತೋರಿಸೋಕೆ ಬೇಕಲ್ಲ."

"ಕರ್ಕೊಂಡು ಹೋಗಿಮ್ಮ," ಎಂದರು ಮ್ಯಾನೇಜರ್ ಗಡ್ಡದ ನೊರೆ ಒರೆಸಿಕೊಳ್ಳುತ್ತ. "ಶೆಡ್ಡಿನವರನ್ನ ಕರೆಸಿ ಉಳಿದ ಬಸ್ಸುಗಳ ಕೆಳಗೆಲ್ಲ ಮಲಗಿಸ್ತೀನಿ, ಇನ್ನೇನು ಮಾಡ್ಲಿ. ಎರಡು ಗಂಟೆ ಹೊತ್ತು ಇವರು ನನ್ನ ಕಣ್ಣಿಗೆ ಬೀಳದಿದ್ರೆ ಸಾಕು."

ಹನ್ನೆರಡು ಹೆಂಗಸರ ನಡುವೆ, ಬೆನ್ನ ತುಂಬ ಎಣ್ಣೆಯ ಕಲೆ ಹೊತ್ತು, ಟಿಕ್ಕಪ್ಪನವರು ಮೂರು ಕಿಲೋಮೀಟರು ನಡೆದರು. ದಾರಿಯುದ್ದಕ್ಕೂ ಹೆಂಗಸರ ನಾಲಿಗೆಗೆ ಬಿಡುವಿರಲಿಲ್ಲ. "ಬಾವ, ನಿಮ್ಮ ಅಂಗಿ ಎಸೆಯೋದಾ, ತೊಳೆಯೋದಾ?" ಎಂದು ಒಬ್ಬಳು. "ಎಸೆಯೋದಾದ್ರೂ ಮೊದಲು ತೊಳೀತಾರಮ್ಮ ಅವ್ರು" ಎಂದು ಇನ್ನೊಬ್ಬಳು. "ನಮ್ಮ ವಿಭಾಗಕ್ಕೇ ಬಂದುಬಿಡಿ ಬಾವ, ಒಂದು ಜಾಗ ಖಾಲಿ ಇದೆ" ಎಂದು ಇಸ್ತ್ರಿಯಕ್ಕ. ಡ್ರೈವರಕ್ಕ ಮಾತ್ರ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು.

ಆಸ್ಪತ್ರೆಯ ಹಿಂಬಾಗಿಲು ಮುಟ್ಟಿದಾಗ ಏಳು ಹದಿನೆಂಟು. ಮೇಲ್ವಿಚಾರಕಿ ದಪ್ಪ ಪುಸ್ತಕ ತೆರೆದುಕೊಂಡೇ ಕಾಯುತ್ತಿದ್ದರು.

"ಹದಿನೆಂಟು ನಿಮಿಷ. ವ್ಯಾನ್ ಎಲ್ಲೂ ಕಾಣ್ತಿಲ್ಲ. ಇದು ಮೂರನೇ ಸಲ, ಜ್ಞಾಪಕ ಇದೆಯಲ್ಲ?" ಎಂದು ಪುಸ್ತಕವನ್ನು ಡ್ರೈವರಕ್ಕನ ಕಡೆ ತಿರುಗಿಸಿದರು. "ಇಲ್ಲಿ ಕಾರಣ ಬರೀರಿ."

ಆಕೆ ಪೆನ್ನು ಎತ್ತಿಕೊಂಡಳು. ಕೈ ಕಾಗದದ ಮೇಲೆ ನಿಂತೇ ಇತ್ತು. ಟಿಕ್ಕಪ್ಪನವರು ಪಕ್ಕಕ್ಕೆ ಬಂದು ಆ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡು, ಕಾರಣದ ಜಾಗದಲ್ಲಿ ಎರಡೇ ಅಕ್ಷರ ಬರೆದರು: ನಾನು.

ಮೇಲ್ವಿಚಾರಕಿ ಓದಿದರು. "ಇದೇನಿದು? ನೀವ್ಯಾರು?"

"ಇವರ ಯಜಮಾನ ಮೇಡಂ."

"ವ್ಯಾನಿಗೆ ಏನಾಗಿದೆ?"

"ವ್ಯಾನಿಂದೇನೂ ತಪ್ಪಿಲ್ಲ ಮೇಡಂ. ಎಂಜಿನ್ ಚೆನ್ನಾಗಿದೆ. ಹೊಸ ಕನೆಕ್ಟರ್ ಕೂಡ ತಂದಿದ್ರು. ಹೊಸದನ್ನ ಕಸಕ್ಕೆ ಹಾಕಿ, ಹಳೇದನ್ನ ತೊಳೆದು ಹಾಕಿದೋನು ನಾನು. ಸೋರೋ ಗಾಡೀಲಿ ಜನನ ಕೂರಿಸಲ್ಲ ಅಂತ ಇವಳು ಬಸ್ಸಿಗೆ ಬಂದ್ಲು. ಆ ಬಸ್ಸೂ ಸೋರ್ತಿತ್ತು. ಮೂರು ತಿಂಗಳಿಂದ ಸೋರ್ತಾ ಇದ್ದದ್ದನ್ನ ಇಲ್ಲ ಅಂತ ಬರೆದೋನು ನಾನು. ಇವತ್ತು ನಿಲ್ಲಿಸಿದೋನೂ ನಾನು." ಪುಸ್ತಕದ ಕಡೆ ಬೆರಳು ತೋರಿಸಿ, "ಪೂರ್ತಿ ಬರೆಯೋಕೆ ಅಲ್ಲಿ ಜಾಗ ಸಾಲಲ್ಲ ಮೇಡಂ" ಎಂದು ಸೇರಿಸಿ, ಸಾಕ್ಷಿಗೆಂದು ಒದ್ದೆ ಕಾಗದವನ್ನು ಮೇಜಿನ ಮೇಲಿಡಲು ಹೋದರು.

"ಅದನ್ನ ನೀವೇ ಇಟ್ಕೊಳ್ಳಿ," ಎಂದು ಮೇಲ್ವಿಚಾರಕಿ ಪುಸ್ತಕ ಹಿಂದಕ್ಕೆಳೆದುಕೊಂಡರು. ಹನ್ನೊಂದು ಹೆಂಗಸರು ಉಸಿರು ಹಿಡಿದು ನಿಂತಿದ್ದರು. ಇಸ್ತ್ರಿಯಕ್ಕನೂ ಕೂಡ. ಮೇಲ್ವಿಚಾರಕಿ ಪೆನ್ನಿನ ತುದಿಯನ್ನು ತುಟಿಗೆ ತಾಗಿಸಿ ನಿಯಮ ನೆನಪಿಸಿಕೊಂಡರು. "ವಾಹನದ ದೋಷ ಅಂತ ತಾನೆ ಇರೋದು? ಇದು ವಾಹನದ್ದಲ್ಲ" ಎಂದವರೇ ಟಿಕ್ಕಪ್ಪನವರ ಎರಡಕ್ಷರದ ಮುಂದೆ ಕೆಂಪು ಶಾಯಿಯಲ್ಲಿ ಬರೆದರು: ಗಂಡನ ದೋಷ. ಕೆಳಗೆ ರುಜು ಹಾಕಿ, ಮೊಹರು ಒತ್ತಿದರು.

ಹನ್ನೊಂದು ಉಸಿರು ಒಟ್ಟಿಗೆ ಹೊರಬಿದ್ದವು. ಗುತ್ತಿಗೆ ಉಳಿಯಿತು. ಟಿಕ್ಕಪ್ಪನವರು ಸರ್ಕಾರಿ ಮೊಹರಿನೊಂದಿಗೆ ದೋಷವೆಂದು ದಾಖಲಾದರು.

"ಆದ್ರೆ ಇದು ಮರುಕಳಿಸೋ ಹಾಗಿಲ್ಲ," ಎಂದು ಮೇಲ್ವಿಚಾರಕಿ ಕನ್ನಡಕದ ಮೇಲಿಂದ ಡ್ರೈವರಕ್ಕನನ್ನು ನೋಡಿ, ಪೆನ್ನಿನಿಂದ ಟಿಕ್ಕಪ್ಪನವರನ್ನು ತೋರಿಸಿದರು. "ಏನು ಮಾಡ್ತೀರಿ, ಬದಲಾಯಿಸ್ತೀರಾ?"

ಡ್ರೈವರಕ್ಕ ಗಂಡನನ್ನು ಮೇಲಿಂದ ಕೆಳಗಿನವರೆಗೆ, ಎಣ್ಣೆಯ ಅಂಗಿ, ಒದ್ದೆ ಕಾಗದ, ಒಂದು ಕಂದು ಒಂದು ಕಪ್ಪು ಕಾಲುಚೀಲ, ಒಂದನ್ನೂ ಬಿಡದೆ ನೋಡಿದಳು. ಅಷ್ಟು ಕೂಲಂಕಷವಾದ ತಪಾಸಣೆ ಅವರಿಗೆ ಮದುವೆಯಾದಂದಿನಿಂದ ಆಗಿರಲಿಲ್ಲ.

"ಇಲ್ಲ ಮೇಡಂ," ಅಂದಳು. "ಈ ಮಾಡೆಲ್‌ಗೆ ಈಗ ಬಿಡಿಭಾಗ ಸಿಗಲ್ಲ. ರಿಪೇರಿ ಮಾಡ್ಕೊಂಡೇ ಓಡಿಸ್ಬೇಕು."